ಬಾಡದ ಚೆಂಡುಹೂವು

"ಕೈ ತೆಗೀರಿ ಅಲ್ಲಿಂದ!"

ಸ್ಮಶಾನದ ಮಾಲಿ ಬೆಚ್ಚಿಬಿದ್ದು ತಿರುಗಿದ. ಒಂದು ಕೈ ಸಮಾಧಿಯ ಮೇಲೆ ಚಳಿಗೆ ಕಪ್ಪಿಟ್ಟ ಚೆಂಡುಹೂವಿನ ಗಿಡದ ಬುಡದಲ್ಲಿ, ಇನ್ನೊಂದರಲ್ಲಿ ಅದೇ ಬಣ್ಣದ, ಅಷ್ಟೇ ಎತ್ತರದ ಹೊಸ ಗಿಡ. ಸಿಕ್ಕಿಬಿದ್ದ ಕಳ್ಳನ ಹಾಗೆ ನಿಂತುಬಿಟ್ಟ.

ಅವಳು ದರ್ಜಿ. ಗಂಡನ ಸಮಾಧಿಗೆ ಭಾನುವಾರ ಮಾತ್ರ ಬರುವವಳು, ಅಂಗಡಿಗೆ ರಜೆ ಸಿಕ್ಕಿತೆಂದು ಒಂದು ದಿನ ಮೊದಲೇ ಬಂದಿದ್ದಳು. ಬರಬಾರದಿತ್ತು, ಪಾಪ.

"ಎಷ್ಟು ದಿನದಿಂದ ಹೀಗೆ ಗಿಡ ಬದಲಾಯಿಸ್ತಿದ್ದೀರಿ?"

"ಪ್ರತಿ ಶನಿವಾರ..."

ಅವಳು ಆ ಎರಡು ಗಿಡಗಳನ್ನೂ ಮತ್ತೆ ಮತ್ತೆ ನೋಡಿದಳು.

ಗಂಡ ಕಟ್ಟಡಗಳಿಗೆ ಬಣ್ಣ ಬಳಿಯುತ್ತಿದ್ದವನು. ಹೋದ ವರ್ಷ ಒಂದು ಬೆಳಿಗ್ಗೆ, ಚಹಾ ಆರಿಹೋಗಿದೆ ಎಂಬ ಕ್ಷುಲ್ಲಕ ಕಾರಣಕ್ಕೆ ಜಗಳವಾಯಿತು. 'ನೀವು ಮನೆಗೆ ಬರದಿದ್ರೂ ನನಗೇನೂ ಆಗಲ್ಲ' ಎಂದುಬಿಟ್ಟಳು. ಮಧ್ಯಾಹ್ನ ಅವನು ಬಣ್ಣ ಬಳಿಯಲು ಕಟ್ಟಿದ್ದ ಸಾರುವೆಯಿಂದ ಜಾರಿ ಬಿದ್ದ. ಬರಲೇ ಇಲ್ಲ.

ಆ ಮಾತನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೊಟ್ಟೆಯೊಳಗೇ ಇಟ್ಟುಕೊಂಡು ಬೇಯುತ್ತಿದ್ದಳು.

ಈ ಸಲ ಎಲೆ ಉದುರುವ ಕಾಲ ಬಂದಾಗಿನಿಂದ ಸಮಾಧಿಯ ಮೇಲೆ ಏನು ನೆಟ್ಟರೂ ಮುಂದಿನ ವಾರಕ್ಕೆ ಕರಟಿಹೋಗುತ್ತಿತ್ತು. "ನನ್ನ ಮಗನ ಸಿಟ್ಟು ಅಷ್ಟು ಬೇಗ ಇಳಿಯೋದಲ್ಲ ಕಣೇ," ಎಂದಿದ್ದರು ಅತ್ತೆ. ಅವರದು ಸುಮ್ಮನೆ ಬಾಯಿಮಾತು. ಇವಳಿಗೆ ಎದೆಗೇ ನಾಟಿತ್ತು.

ಆಮೇಲೆ ಒಂದು ಚೆಂಡುಹೂವು ಬದುಕಿತು. ವಾರ ಕಳೆದರೂ ಬಾಡಲಿಲ್ಲ. 'ಕ್ಷಮಿಸಿದರು... ಕೊನೆಗೂ ಕ್ಷಮಿಸಿದರು,' ಎಂದುಕೊಂಡಳು. ಅಂದಿನಿಂದ ಅನ್ನ ಗಂಟಲಲ್ಲಿ ಇಳಿಯತೊಡಗಿತ್ತು.

ಈಗ ನೋಡಿದರೆ ಇದು!

"ಸತ್ತವರ ಹೆಸರಲ್ಲಿ ನನಗೆ ಸುಳ್ಳು ಹೇಳಿದ್ರಿ."

"ಹೌದು," ಎಂದ ಮಾಲಿ ತಲೆತಗ್ಗಿಸಿ. "ಅವತ್ತು ಗಿಡ ಸತ್ತಿದ್ದು ನೋಡಿ, ಮಣ್ಣಿಗೆ ಹಣೆ ಇಟ್ಟು 'ನಾನೂ ಬಂದುಬಿಡ್ತೀನಿ' ಅಂದ್ರಿ. ಬೇಲಿ ಹತ್ತಿರ ಎಲೆ ಗುಡಿಸ್ತಿದ್ದೆ, ಕೇಳಿಸ್ತು. ಹೆದರಿಬಿಟ್ಟೆ. ಚೆಂಡುಹೂವು ಚಳಿ ತಡೆಯಲ್ಲ. ಯಾರ ಸಮಾಧಿ ಮೇಲೆ ನೆಟ್ಟರೂ ಸಾಯುತ್ತೆ. ಈ ಕಾಲಕ್ಕೆ, ಚಳಿ ಕಳೆದ ಮೇಲೆ ಹೂ ಬಿಡೋ ಗೆಡ್ಡೆ ನೆಡಬೇಕು."

"ಅಷ್ಟನ್ನ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು?"

"ನಿಮ್ಮ ಹತ್ತಿರ ಮಾತಾಡೋಕೆ ಧೈರ್ಯ ಬರಲಿಲ್ಲ..."

ಅವಳು ತಿರುಗಿ ನಡೆದುಬಿಟ್ಟಳು. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಹೊಲಿಗೆಯಂತ್ರದ ಮುಂದೆ ಕೂತರೆ ದಾರ ಪೋಣಿಸಲು ಕಣ್ಣೇ ನಿಲ್ಲುತ್ತಿರಲಿಲ್ಲ. ಮಾಲಿಯ ಮೇಲೆ ಕೋಪ ಬರುತ್ತಿತ್ತು. ಆ ಕೋಪದ ನಡುವೆಯೇ, ತನಗಾಗಿ ಹೆದರಿದ ಜೀವವೊಂದು ಈ ಊರಲ್ಲಿದೆ ಎಂಬ ನೆನಪೂ ಬರುತ್ತಿತ್ತು. ಅದಕ್ಕೆ ತನ್ನ ಮೇಲೇ ಇನ್ನಷ್ಟು ಕೋಪ.

ಕೊನೆಗೆ ಹೋದಳು. ಮರಗಳೆಲ್ಲ ಬೋಳಾಗಿದ್ದವು. ಅವನು ಒಣಗಿದ ಎಲೆಗಳನ್ನು ಪಾತಿಗಳ ಮೇಲೆ ಹೊದಿಸುತ್ತಿದ್ದ. ಗಂಡನ ಸಮಾಧಿಯ ಮೇಲೆ ಆ ಕಪ್ಪು ಕಡ್ಡಿ ಹಾಗೇ ಇತ್ತು.

"ಕೀಳಲಿಲ್ವಾ?"

"ನೀವು ಕೈ ತೆಗೀರಿ ಅಂದಿದ್ರಲ್ಲ."

ಅವಳೇ ಬಗ್ಗಿ ಕಿತ್ತಳು. ಆ ಬೆಳಿಗ್ಗೆಯ ಮಾತನ್ನು, ಚಹಾದ ಸಮೇತ, ಅವನ ಮುಂದೆ ಹೇಳಿಬಿಟ್ಟಳು.

"ಅವರು ಕ್ಷಮಿಸಿದ್ರೋ ಇಲ್ವೋ... ನನಗೆ ಯಾವತ್ತೂ ಗೊತ್ತಾಗಲ್ಲ ಅಲ್ವಾ?"

"ಗೊತ್ತಾಗಲ್ಲ," ಎಂದ ಮಾಲಿ.

ಸಮಾಧಾನದ ಒಂದು ಮಾತೂ ಸೇರಿಸಲಿಲ್ಲ. ಅವಳು ಬಿಕ್ಕಿ ಬಿಕ್ಕಿ ಅತ್ತಳು. ಅಳು ನಿಂತ ಮೇಲೆ ಅವನು ಜೇಬಿನಿಂದ ಗೆಡ್ಡೆಗಳನ್ನು ತೆಗೆದು ಅವಳ ಕೈಗಿಟ್ಟ.

"ಚೂಪಾದ ತುದಿ ಮೇಲಿರಲಿ. ಮುಷ್ಟಿ ಪೂರ್ತಿ ಮುಳುಗಬೇಕು, ಅಷ್ಟು ಆಳ."

ಇಬ್ಬರೂ ಮಂಡಿಯೂರಿ ನೆಟ್ಟರು. ಮಣ್ಣು ಕೊರೆಯುವಷ್ಟು ತಣ್ಣಗಿತ್ತು.

"ನಿಮ್ಮನ್ನ ಕಂಡರೆ ನನಗೆ ತುಂಬಾ ಇಷ್ಟ," ಎಂದ ಅವನು ಮಣ್ಣು ಮುಚ್ಚುತ್ತಾ. "ಇದನ್ನ ಹೇಳೋ ಜಾಗ ಇದಲ್ಲ, ಗೊತ್ತು. ಆದ್ರೆ ಇನ್ನು ನಿಮ್ಮಿಂದ ಏನನ್ನೂ ಮುಚ್ಚಿಡಲ್ಲ."

ಅವಳು ಕೊನೆಯ ಗೆಡ್ಡೆಯ ಮೇಲೆ ಮಣ್ಣು ಎಳೆದಳು.

"ಇವೂ ಸತ್ತರೆ?"

"ಸತ್ತಿವೆ ಅಂತಲೇ ಹೇಳ್ತೀನಿ."

"ಹಾಗಾದ್ರೆ ನಾಳೆ ಮನೆಗೆ ಬನ್ನಿ. ಅತ್ತೆಗೆ, ಅವರ ಮಗನ ಜೊತೆ ನಾನು ಕೊನೆಗೆ ಆಡಿದ ಮಾತು ಏನು ಅಂತ ಹೇಳಬೇಕು. ಹೇಳಿದ ಮೇಲೆ ಅವರು ನನ್ನ ಮುಖ ನೋಡ್ತಾರೋ ಇಲ್ವೋ... ಪಕ್ಕದಲ್ಲಿ ಕೂತಿರ್ತೀರಾ?"

ಅವನು ಅವಳ ಮಣ್ಣಾದ ಕೈ ಹಿಡಿದುಕೊಂಡ.

"ಕೂತಿರ್ತೀನಿ."