ಹಳೇ ಫೋಲ್ಡರಿನ ಬಾಗಿಲು

ಕೈಪಿಡಿಗಳು ಮಾಯವಾಗಿದ್ದವು.

ಬಾಯ್ಲರ್ ಕೆಟ್ಟು ನಿಂತಿತ್ತು. ಕೈಪಿಡಿ ನೋಡೋಣವೆಂದು ಕಂಪ್ಯೂಟರ್ ತೆರೆದರೆ ಫೋಲ್ಡರ್ ಇತ್ತು, ಒಳಗೆ ಏನೂ ಇರಲಿಲ್ಲ. ಕಾರ್ಖಾನೆಯ ಅಷ್ಟೂ ಯಂತ್ರಗಳ ವಿವರ ಗುಡಿಸಿ ಹಾಕಿದಂತೆ ಹೋಗಿತ್ತು.

ಮ್ಯಾನೇಜರ್ ತಡಮಾಡಲಿಲ್ಲ. ಕಂಪ್ಯೂಟರ್ ನೋಡಿಕೊಳ್ಳುವ ತಂತ್ರಜ್ಞೆಯ ಕಡೆ ಬೆಟ್ಟು ಮಾಡಿದರು.

"ಫೈಲುಗಳನ್ನ ಹೊಸ ಜಾಗಕ್ಕೆ ಸಾಗಿಸಿದ್ದು ಇವಳೇ. ಸಂಜೆಯೊಳಗೆ ಮನೆಗೆ ಕಳಿಸ್ತೀನಿ."

ವಿಚಾರಣೆ ಕಾರ್ಖಾನೆಯ ಭದ್ರತಾ ಅಧಿಕಾರಿಯ ಪಾಲಿಗೆ ಬಂತು. ಅವರು ನಿವೃತ್ತ ಪೊಲೀಸ್. ಗದರುವ ಚಟ ಬಿಟ್ಟಿದ್ದರು, ಕೇಳುವ ಚಟ ಬಿಟ್ಟಿರಲಿಲ್ಲ.

* * *

"ಯಾಕಮ್ಮ ಸಾಗಿಸಿದೆ?"

"ಹೊಸ ಸಿಸ್ಟಂನಲ್ಲಿ ಕೈಪಿಡಿಗಳ ಜಾಗ ಬೇರೆ ಸಾರ್. ಹಳೇ ಜಾಗದಲ್ಲಿ ಒಂದು ಕೊಂಡಿ ಬಿಟ್ಟಿದ್ದೆ. ನೋಡೋಕೆ ಹಳೇ ಫೋಲ್ಡರ್ ಥರಾನೇ. ತೆರೆದ್ರೆ ಹೊಸದರೊಳಗೇ ಹೋಗ್ತೀವಿ. ಮನೆ ಒಂದೇ, ಬಾಗಿಲು ಎರಡು."

"ಇದು ಯಾರಿಗೆ ಗೊತ್ತು?"

"ಎಲ್ಲರಿಗೂ ಹೇಳಿದ್ದೆ. ಯಾರು ಕಿವಿಗೆ ಹಾಕ್ಕೊಂಡ್ರೋ!"

ಅವಳ ಕಣ್ಣು ತುಂಬಿತು. ಮನೆ ನಡೆಯುತ್ತಿದ್ದುದು ಅವಳ ಸಂಬಳದಲ್ಲೇ. ಪಾಸ್‌ವರ್ಡ್ ನೋಡಿ ಅಳಿಸಿದವರನ್ನು ಹಿಡಿಯುವಂತಿರಲಿಲ್ಲ, ಎಲ್ಲರೂ ಒಂದನ್ನೇ ಬಳಸುತ್ತಿದ್ದರು.

* * *

ಬಾಯ್ಲರ್ ಫಿಟ್ಟರಿಗೂ ಅವಳಿಗೂ ಹಿಂದಿನ ದಿನವಷ್ಟೇ ಜಟಾಪಟಿ ಆಗಿತ್ತು. ಅಧಿಕಾರಿ ಅವನನ್ನು ಕರೆಸಿದರು. ಅವನು ನಕ್ಕುಬಿಟ್ಟ.

"ಜಗಳ ಆಡಿದ್ದು ಹೌದು ಸಾರ್. ಆದ್ರೆ ಕೈಪಿಡಿ ಇಲ್ದೆ ಬಾಯ್ಲರ್ ಮುಟ್ಟಿದ್ರೆ ಮೊದಲು ಸುಡೋದು ನನ್ನ ಮುಖಾನೇ."

ಮಾತು ಸರಿಯಿತ್ತು.

* * *

ಅಧಿಕಾರಿ ಮ್ಯಾನೇಜರ್ ಕೋಣೆಗೆ ಹೋದರು. ತಂತ್ರಜ್ಞೆಯೂ ಅಲ್ಲಿ ನಿಂತಿದ್ದಳು.

"ಬೇಕಂತಲೇ ಮಾಡಿದಾಳೆ ಅಂತ ಹೇಗೆ ಹೇಳ್ತೀರಿ ಸಾರ್?"

"ಇದ್ದದ್ದು ಎರಡು ಸೆಟ್! ಕೈತಪ್ಪಿದ್ರೆ ಒಂದು ಹೋಗುತ್ತೆ. ಎರಡೂ ಹೋಗುತ್ತೇನ್ರೀ?"

"ಎರಡು ಅಂತ ಯಾರು ಹೇಳಿದ್ರು?"

"ಕಣ್ಣಾರೆ ನೋಡಿದೀನಿ. ಹಳೇ ಜಾಗದಲ್ಲೂ ಇತ್ತು, ಹೊಸದರಲ್ಲೂ ಇತ್ತು."

"ಇದ್ದದ್ದು ಒಂದೇ ಸಾರ್," ಎಂದರು ಅಧಿಕಾರಿ. "ಅದು ಗೊತ್ತಿರೋರು ಅಳಿಸೋಕೆ ಹೆದರ್ತಾರೆ. ಎರಡಿದೆ ಅಂದ್ಕೊಂಡೋರು ಒಂದನ್ನ ಆರಾಮಾಗಿ ಅಳಿಸ್ತಾರೆ. ನೀವು ಹಳೇ ಬಾಗಿಲಿಂದ ಒಳಗೆ ಹೋದ್ರಿ, ಕಂಡಿದ್ದನ್ನೆಲ್ಲ ಅಳಿಸಿದ್ರಿ. ಹೋಗಿದ್ದು ಹೊಸ ಮನೆಯ ಸಾಮಾನು."

ಮ್ಯಾನೇಜರ್ ಮುಖ ಬಿಳಿಚಿಕೊಂಡಿತು.

"ನಾನು... ಹೊಸದು ರೂಢಿಯಾಯ್ತಲ್ಲ, ಜಾಗ ಉಳಿಯಲಿ ಅಂತ ಹಳೇದನ್ನ ಮಾತ್ರ..."

"ಆ ಮಾತು ಬೆಳಿಗ್ಗೆ ಯಾಕೆ ಹೇಳಲಿಲ್ಲ?"

ಅಧಿಕಾರಿ ತಂತ್ರಜ್ಞೆಯ ಕಡೆ ತಿರುಗಿದರು.

"ಅಲ್ಲಮ್ಮ, ಆ ಹಳೇ ಬಾಗಿಲನ್ನ ಯಾಕೆ ಬಿಟ್ಟೆ? ಮುಚ್ಚಿಬಿಟ್ಟಿದ್ರೆ ಈ ರಾಮಾಯಣವೇ ಇರ್ತಿರಲಿಲ್ಲ."

ಅವಳು ಕಣ್ಣೊರೆಸಿಕೊಂಡಳು.

"ಹೊಸ ದಾರಿ ಕಲಿಯೋಕಾಗಲ್ಲ, ಹಳೇ ಕಡೆಯೇ ಸಿಗಬೇಕು ಅಂತ ಒಬ್ಬರು ಹಠ ಹಿಡಿದಿದ್ರು ಸಾರ್. ಅವರೊಬ್ಬರಿಗೋಸ್ಕರ ಬಿಟ್ಟಿದ್ದೆ."

ಯಾರೆಂದು ಅಧಿಕಾರಿ ಕೇಳಲಿಲ್ಲ. ಮ್ಯಾನೇಜರ್ ತಲೆ ಎತ್ತಲಿಲ್ಲ.