ಚಹಾ ಕೊಡುವ ಅಬ್ಬಾ

“ಅಬ್ಬಾ, ಕಿಟ್ಲಿ ನನಗ ಕೊಡು. ನೀ ಚಾಪಿ ಮ್ಯಾಲ ಕೂಡು ಹೋಗು.”

“ಬಡಸಾಂವ ಪಂಕ್ತಿಯೊಳಗ ಕೂಡ್ತಾನೇನ?” ಎಂದ ಅಬ್ಬಾ ಮುನಾಫ, ಮಗಳು ಸಾಯಿರಾಳ ಮುಖ ನೋಡದೆ. ಬೆಳಗಿನಿಂದ ಅವನು ಆಡಿದ್ದು ಅದೊಂದೇ ಮಾತು.

ಕೃಷ್ಣೆ ಉಕ್ಕಿ ನದಿದಂಡೆಯ ಮನೆಗಳೆಲ್ಲ ಮುಳುಗಿದ್ದವು. ಆ ಜನ ಈಗ ಐನಾಪುರದ ಶಾಲೆಯಲ್ಲಿದ್ದರು. ಅವರನ್ನು ಬೋಟಿನಲ್ಲಿ ಕರೆತಂದವನು ಅಬ್ಬಾನೇ. ನಾಲ್ಕು ದಿನ ಬೋಟ್ ನಡೆಸಿ ಬಂದವನು ಆಮೇಲೆ ನಗಲಿಲ್ಲ, ಹೊಟ್ಟೆ ತುಂಬ ಉಣ್ಣಲಿಲ್ಲ. ಏನಾತು ಅಂದರೆ, ಏನಿಲ್ಲ ಅನ್ನುತ್ತಿದ್ದ.

ಐದನೇ ಕ್ಲಾಸಿನ ಕೋಣೆಯಲ್ಲಿ ಪೂನಮ ಮೇಡಂ ಚಾಪೆ ಹಾಸಿದ್ದರು. ನೆರೆ ಕಂಡವರ ಮನಸ್ಸಿನ ಭಾರ ಕೇಳಲು ಬಂದ ಕೌನ್ಸೆಲರ್ ಅವರು. ಜನ ದುಂಡಗೆ ಕೂತು ಒಬ್ಬೊಬ್ಬರಾಗಿ ಮಾತಾಡುತ್ತಿದ್ದರು. ಅಬ್ಬಾ ಮಾತ್ರ ಚಹಾ ಕೊಡುತ್ತ ಸುತ್ತುತ್ತಿದ್ದ. ಕಪ್ ತುಂಬಿದರೂ ಸುರಿಯುತ್ತಲೇ ಇದ್ದ; ಚಹಾ ನೆಲದ ಪಾಲಾಯಿತು.

ಸಾಯಿರಾಗೆ ತಡೆಯಲಾಗಲಿಲ್ಲ. “ಮೇಡಂ, ಬೋಟ್ ನಡಸಿದವ್ರೂ ಇಲ್ಲಿ ಕೂಡಬೌದೇನ್ರಿ?”

ಎಲ್ಲರೂ ಅಬ್ಬಾನ ಕಡೆ ತಿರುಗಿದರು.

“ಏ ಹುಚ್ಚಿ! ನಮ್ಮನಿ ಏನ ಮುಳಗೇತಿ?” ಎಂದು ಅಬ್ಬಾ ಗದರಿದ.

“ಕೂಡಬೇಕವಾ,” ಎಂದರು ಮೇಡಂ. “ನಾನಽ ಕರೀಬೇಕಾಗಿತ್ತು. ನಂದ ತಪ್ಪಾತು.”

ಅಕ್ಕುತಾಯಿ ಅಜ್ಜಿ ಸರಿದು ಜಾಗ ಮಾಡಿದಳು. “ಬಾರೋ ಮುನಾಫ. ನಿನ್ನ ಬೋಟಿನ್ಯಾಗ ನಾ ಕುಂತಿಲ್ಲೇನ? ನನ್ನ ಚಾಪಿ ಮ್ಯಾಲ ಕೂಡಾಕ ನಿನಗೇನ ಧಾಡಿ?”

ಎಲ್ಲರೂ ನಕ್ಕರು. ಅಬ್ಬಾ ನಗಲಿಲ್ಲ, ಆದರೆ ಕೂತ. ಕಿಟ್ಲಿಯನ್ನು ಪಕ್ಕಕ್ಕಿಟ್ಟ.

“ಆಯಿ, ನಿನ್ನ ಎಮ್ಮಿ...” ಎಂದ. “ಹಗ್ಗ ಬಿಚ್ಚಾಕ ಆಗಲಿಲ್ಲ. ನೀರು ಏರಾಕತ್ತಿತ್ತು. ಅದು ನನ್ನಽ ನೋಡಾಕತ್ತಿತ್ತು.”

ಅಜ್ಜಿ ಅವನ ಕೈ ಹಿಡಿದಳು. “ನಾನೂ ಬಿಚ್ಚಲಿಲ್ಲೋ ತಮ್ಮಾ. ಬೋಟ್ ಹತ್ತೂ ಗಡಿಬಿಡಿಯೊಳಗ ಮರತೆ. ಯಾರ ಮುಂದೂ ಹೇಳಿಲ್ಲ.”

ಅಬ್ಬಾನ ಹೆಗಲು ಅಲುಗತೊಡಗಿತು. ಓಡಿಹೋಗಿ ಅವನ ಕಣ್ಣು ಒರೆಸಬೇಕು ಅನಿಸಿತು ಸಾಯಿರಾಗೆ. ಒಂದು ಹೆಜ್ಜೆ ಇಟ್ಟಳು. ನಿಂತಳು. ಮೆಲ್ಲಗೆ ಹೊರಗೆ ಬಂದು ಬಾಗಿಲು ಮುಂದೆ ಮಾಡಿದಳು.

ವರಾಂಡದಲ್ಲಿ ಅವಳ ಕ್ಲಾಸಿನ ಲಖನ ಗೋಡೆಗೆ ಚೆಂಡು ಬಡಿಯುತ್ತಿದ್ದ. “ಏ ಸಾಯಿರಾ, ಒಳಗ ಯಾರ ಅಳಾಕತ್ತಾರ?”

“ಸಪ್ಪಳ ಮಾಡಬ್ಯಾಡ್ಲೇ,” ಎಂದಳು ಪಿಸುದನಿಯಲ್ಲಿ. “ನಮ್ಮ ಅಬ್ಬಾ ಮಾತಾಡಾಕತ್ತಾನ.”