ನಾಲೆಗೆ ಬಿದ್ದ ಪುರಾವೆ

ಬೊಲೆರೊ ಮತ್ತೆ ನನ್ನ ಬೈಕಿನ ಹಿಂದಕ್ಕೆ ಗುದ್ದಿತು!

ಎಡಕ್ಕೆ ತುಂಬಿದ ನಾಲೆ. ಬಲಕ್ಕೆ ಕಬ್ಬಿನ ಲಾರಿ. ಯಾವ ಕಡೆ ಬಿದ್ದರೂ ನನ್ನ ಕತೆ ಮುಗಿಯಿತು, ಸ್ವಾಮಿ!

"ಫೋನ್ ಬಿಸಾಕ್ಲಾ!" ಕಿಟಕಿಯಿಂದ ಕೂಗಿದ ಅಶೋಕ್. ಎಐ ಮಾರುವ ಶ್ರೀನಾಥನ ಬಂಟ.

"ನಿಮ್ಮಪ್ಪಂದೇನ್ಲಾ ಫೋನು?"

ಇನ್ನೊಂದು ಗುದ್ದು. ನಾನು ಏರಿಯ ಮೇಲೆ ಉರುಳಿದೆ. ಫೋನು ನಾಲೆಗೆ ಹಾರಿತು... ಗುಳುಂ! ಬೊಲೆರೊ ಹಾರನ್ ಹೊಡೆದುಕೊಂಡು ಹೋಯಿತು.

ಪಾಂಡವಪುರದ ಪುಟ್ಟಸ್ವಾಮಿಗೆ ಹಾಲು, ತರಕಾರಿ, ದಿನಸಿಯ ದೊಡ್ಡ ಅಂಗಡಿ. ಆರ್ಡರೆಲ್ಲ ಫೋನಿನಲ್ಲೇ. ಗೋಡೌನ್ ಮಾರಿ, ಫೋನ್ ಎತ್ತುವ ಎಐ ಕೊಳ್ಳಲು ಹೊರಟಿದ್ದ. "ತಗೋಬೇಕೋ ಬ್ಯಾಡ್ವೋ, ಪುರಾವೆ ತಗೊಂಬಾ" ಅಂತ ಫೀಸು ಮಾತಾಡಿ ನನ್ನನ್ನು ಅಟ್ಟಿದ್ದ. ನಾಗಮಂಗಲದಿಂದ ಸಂತೆಬಾಚಹಳ್ಳಿವರೆಗೆ ಸುತ್ತಿ, ಅವನ ಗಿರಾಕಿಗಳಿಂದಲೇ ಎಐಗೆ ಫೋನ್ ಮಾಡಿಸಿ, ಎಲ್ಲ ಅದೇ ಫೋನಿನಲ್ಲಿ ರೆಕಾರ್ಡ್ ಮಾಡಿದ್ದೆ. ಶ್ರೀನಾಥನ ಡೆಮೋದಲ್ಲಿ ಮಾತಾಡಿದವರೋ... ಪುಸ್ತಕದ ಕನ್ನಡ ಒಪ್ಪಿಸುವ ಅವನ ಆಫೀಸಿನವರು!

ಕುಂಟುತ್ತಾ ಅಂಗಡಿ ಸೇರಿದೆ. ಪುಟ್ಟಸ್ವಾಮಿ ಪೆನ್ನು ಹಿಡಿದು ಕೂತಿದ್ದ, ಎದುರಿಗೆ ಶ್ರೀನಾಥ.

"ಪುರಾವೆ ಎಲ್ಲಪ್ಪಾ?"

"ನಾಲೇಲಿ."

ಶ್ರೀನಾಥ ನಕ್ಕ. "ಸೈನ್ ಮಾಡಿ ಸಾರ್."

ಮೈಯೆಲ್ಲ ಉರಿದುಹೋಯಿತು ನನಗೆ! "ತಡೀರಿ! ಪುರಾವೆ ಏನು ಊತಿಟ್ಟ ನಿಧೀನಾ? ಇನ್ನೊಂದ್ಸಲ ಮಾಡ್ಸಿದ್ರಾಯ್ತು!"

ಗಲ್ಲಾ ಪಕ್ಕ ಕೂತಿದ್ದ ಪುಟ್ಟಸ್ವಾಮಿಯ ತಾಯಿ ಸುಬ್ಬಮ್ಮನ ಕೈಗೆ ಅಂಗಡಿ ಫೋನ್ ಕೊಟ್ಟೆ. ಎಐ ನಂಬರ್ ಒತ್ತಿ ಸ್ಪೀಕರ್ ಹಾಕಿದೆ.

"ನಾಳೀಕೆ ಮಗಳ ಮನೆ ಒಕ್ಲು ಕಣಪ್ಪಾ. ಉಕ್ಸಕ್ಕೆ ಆಲು ಕಳ್ಸು."

"ಆಲೂಗಡ್ಡೆ, ಒಂದು ಮೂಟೆ. ಸರಿಯೇ?" ಅಂದಿತು ಎಐ.

"ಗೆಡ್ಡೆ ಯಾರಿಗ್ ಬೇಕ್ಲಾ? ಆಲು! ಆಲು!"

"ಎರಡು ಮೂಟೆ. ಧನ್ಯವಾದಗಳು."

ನಿಂತಿದ್ದ ಗಿರಾಕಿಗಳೂ ಒಬ್ಬೊಬ್ಬರಾಗಿ ಫೋನ್ ಮಾಡಿದರು. 'ಉಳ್ಳಿಕಾಳು' ಅಂತ ಹುರುಳಿ ಕೇಳಿದವನಿಗೆ ಈರುಳ್ಳಿ ಬರೆದುಕೊಂಡಿತು. ಅಕ್ಕಿ ಮಾತ್ರ ಸರಿಯಾಯಿತು. ಸುಳ್ಳು ಯಾಕೆ ಹೇಳಲಿ?

ಶ್ರೀನಾಥ ಬೆವರು ಒರೆಸಿಕೊಂಡ. "ಅಜ್ಜಿ 'ಹಾಲು' ಅಂತ ಸ್ಪಷ್ಟವಾಗಿ ಹೇಳ್ಬೇಕು ಸಾರ್. ಸ್ವಲ್ಪ ಟ್ರೈನಿಂಗ್ ಕೊಟ್ರೆ..."

"ಮಿಷನ್ನಿಗಾ?" ಅಂದೆ.

"ಗಿರಾಕಿಗಳಿಗೆ."

ಪುಟ್ಟಸ್ವಾಮಿ ಪೆನ್ನಿನ ಕ್ಯಾಪ್ ಮುಚ್ಚಿದ.

"ನಮ್ಮವ್ವಂಗೇ ಮಾತ್ ಕಲಿಸ್ತೀಯೇನ್ಲಾ? ಎದ್ದೋಗ್ಲಾ!"

ಗೋಡೌನ್ ಉಳಿಯಿತು. ಶ್ರೀನಾಥ ಬ್ಯಾಗು ಎತ್ತಿಕೊಂಡು ಓಡಿದ.

"ನನ್ನ ಫೀಸು?" ಅಂದೆ. "ಫೋನು? ಬೈಕು?"

"ಎಲ್ಡು ಮೂಟೆ ಆಲೂಗೆಡ್ಡೆ ಬುಕ್ ಆಗೈತಲ್ಲಾ! ನೀನೇ ತಾನೆ ಮಾಡ್ಸಿದ್ದು? ತಗೊಂಡೋಗ್ಬುಡು."

ಈ ತಾಲ್ಲೂಕಿನಲ್ಲಿ ಎಐಯಿಂದ ಲಾಭ ಮಾಡಿದವನು ನಾನೊಬ್ಬನೇ, ಸ್ವಾಮಿ... ಎಷ್ಟು ಬೇಯಿಸಿದರೂ ಮುಗಿಯುತ್ತಿಲ್ಲ!